ಮತಾಂಧತೆಗೊಂದು ಥರ್ಮಾಮೀಟರು



ಪ್ರಯೋಗಶಾಲೆಯಲ್ಲಿ ನೀವೆಲ್ಲ ಥರ್ಮಾಮೀಟರು ಹಿಡಿದವರೇ. ಬುಡದಲ್ಲಿ ಪಾದರಸದ ಬುರುಡೆ, ಅದರ ಮೇಲೆ ಸಣ್ಣ ನಳಿಗೆ, ಪಕ್ಕದಲ್ಲಿ ಗೆರೆಗಳು. ಬಿಸಿಯಾದರೆ ರಸ ಏರುತ್ತದೆ, ತಣಿದರೆ ಇಳಿಯುತ್ತದೆ. ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ. ವಿಜ್ಞಾನದ ವಿದ್ಯಾರ್ಥಿಯಾಗಿದ್ದಾಗ ನನಗೂ ಅದರ ಮೇಲೆ ಅಪಾರ ನಂಬಿಕೆ. ಮುಂದೆ ದೂರದರ್ಶನದ ಕೆಲಸಕ್ಕೆ ಬಂದ ಮೇಲೆ, ಇಂಗ್ಲೆಂಡಿನ ಹಳೆಯ ಅಚ್ಚುಚಿತ್ರವೊಂದರ ಪ್ರತಿಯನ್ನು ನೋಡುತ್ತಿದ್ದಾಗ ಅದರ ಮೂಲೆಯಲ್ಲಿ ಒಂದು ಥರ್ಮಾಮೀಟರು ಕಣ್ಣಿಗೆ ಬಿತ್ತು. ಅದರ ಬುಡ ನೀರಿನಲ್ಲಿರಲಿಲ್ಲ. ಮನುಷ್ಯನ ಮಿದುಳಿನಲ್ಲಿತ್ತು! ಅದು ಅಳೆಯುತ್ತಿದ್ದುದು ಭಕ್ತಿಯ ಬಿಸಿಯನ್ನು.

ಭಕ್ತಿಯನ್ನು ಹೀಗೆ ಅಳೆಯಲು ಬರುತ್ತದೆಯೇ? ಎಷ್ಟು ಡಿಗ್ರಿಗೆ ಭಕ್ತಿ ಹುಚ್ಚಾಗುತ್ತದೆ? ಮತಾಂಧತೆ ಎಂಬುದು ಒಂದು ಬಗೆಯ ಹುಚ್ಚೇ, ಅಥವಾ ಬೇರೆಯೇ? ಹದಿನೆಂಟನೆಯ ಶತಮಾನದ ಯುರೋಪಿನ ಲೇಖಕರನ್ನೂ ಚಿತ್ರಕಾರರನ್ನೂ ಬಹುವಾಗಿ ಕಾಡಿದ ಪ್ರಶ್ನೆಗಳಿವು. ಅವರು ಕೊಟ್ಟ ಉತ್ತರಗಳಲ್ಲಿ ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪಿನಿಂದ ನಾವು ಕಲಿಯಬೇಕಾದದ್ದು ಬಹಳ ಇದೆ.

ಚಿತ್ರದೊಳಗೆ ಒಂದು ಸುತ್ತು

ಮೊದಲು ಆ ಚಿತ್ರವನ್ನೇ ನೋಡೋಣ. ಬರೆದವನು ಲಂಡನ್ನಿನ ಪ್ರಸಿದ್ಧ ಚಿತ್ರಕಾರ ವಿಲಿಯಂ ಹೋಗಾರ್ತ್. ಪ್ರಕಟವಾದದ್ದು 1762ರ ಮಾರ್ಚ್ 15ರಂದು. ಹೆಸರನ್ನು ಕನ್ನಡದಲ್ಲಿ 'ಹುಸಿನಂಬಿಕೆ, ಮೂಢನಂಬಿಕೆ ಮತ್ತು ಮತಾಂಧತೆ' ಎನ್ನಬಹುದು. ತಾಮ್ರದ ತಗಡಿನ ಮೇಲೆ ಕೆತ್ತಿ ಕಾಗದಕ್ಕೆ ಒತ್ತುತ್ತಿದ್ದ ಇಂಥ ಚಿತ್ರಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಕಾಫಿ ಅಂಗಡಿಗಳಲ್ಲಿ ಜನ ಅವನ್ನು ನೋಡಿ ಚರ್ಚಿಸುತ್ತಿದ್ದರು. ಟೆಲಿವಿಷನ್ ಇಲ್ಲದ ಕಾಲದ ಟೆಲಿವಿಷನ್ ಎನ್ನಿ.

ಚಿತ್ರದಲ್ಲಿರುವುದು ಒಂದು ಪ್ರಾರ್ಥನಾಮಂದಿರ. ಎತ್ತರದ ಪೀಠದಲ್ಲಿ ಉಪದೇಶಕ ಬಾಯಿ ತೆರೆದು ಅಬ್ಬರಿಸುತ್ತಿದ್ದಾನೆ. ಅಬ್ಬರಕ್ಕೆ ಅವನ ವಿಗ್ಗು ಜಾರಿದೆ. ಕೆಳಗೆ ಕಾಣುವುದು ಕ್ಯಾಥೊಲಿಕ್ ಸಂನ್ಯಾಸಿಯ ಬೋಳು ನೆತ್ತಿ. ನಿಲುವಂಗಿ ಸರಿದಲ್ಲಿ ಒಳಗಿನ ವಿದೂಷಕನ ಅಂಗಿ ಇಣುಕುತ್ತಿದೆ. ಒಂದು ಕೈಯಲ್ಲಿ ಪೊರಕೆಯೇರಿದ ಮಾಟಗಾತಿಯ ಬೊಂಬೆ, ಇನ್ನೊಂದರಲ್ಲಿ ಸೈತಾನನ ಬೊಂಬೆ. ಕೆಳಗೆ ಕೂತವರಲ್ಲಿ ಕೆಲವರು ಮೂರ್ಛೆ ಹೋಗಿದ್ದಾರೆ, ಕೆಲವರು ಗೋಳಾಡುತ್ತಿದ್ದಾರೆ. ಮುಂದುಗಡೆ ನೆಲದ ಮೇಲೆ ಮೇರಿ ಟಾಫ್ಟ್ ಬಿದ್ದಿದ್ದಾಳೆ. ತಾನು ಮೊಲಗಳನ್ನು ಹೆತ್ತೆನೆಂದು 1726ರಲ್ಲಿ ವೈದ್ಯರನ್ನೇ ನಂಬಿಸಿ, ಕೊನೆಗೆ ಮೋಸವನ್ನು ಒಪ್ಪಿಕೊಂಡ ಹೆಂಗಸು ಅವಳು.

ಥರ್ಮಾಮೀಟರಿನ ತುದಿಯಲ್ಲಿ ಕಾಕ್ ಲೇನ್ ದೆವ್ವದ ಚಿತ್ರವಿದೆ. ಲಂಡನ್ನಿನ ಆ ಗಲ್ಲಿಯ ಮನೆಯೊಂದರಲ್ಲಿ ದೆವ್ವ ಟಕಟಕ ಸದ್ದು ಮಾಡುತ್ತದೆಂದು 1762ರ ಜನವರಿಯಲ್ಲಿ ಊರಿಗೆ ಊರೇ ಕಿಕ್ಕಿರಿದಿತ್ತು. ಪಂಡಿತ ಸ್ಯಾಮ್ಯುಯೆಲ್ ಜಾನ್ಸನ್ ಇದ್ದ ಒಂದು ಸಮಿತಿ ಹೋಗಿ ಪರೀಕ್ಷಿಸಿತು. ಸದ್ದು ಮಾಡುತ್ತಿದ್ದವಳು ಆ ಮನೆಯ ಹುಡುಗಿಯೇ ಎಂಬ ತೀರ್ಮಾನಕ್ಕೆ ಬಂತು.

ಇನ್ನು ಥರ್ಮಾಮೀಟರಿನ ಗೆರೆಗಳು. ನಡುವೆ 'ಉಗುರುಬೆಚ್ಚಗೆ'. ಅಲ್ಲಿಂದ ಮೇಲೇರಿದರೆ ಪ್ರೇಮದ ಬಿಸಿ, ಕಾಮ, ಪರವಶತೆ, ಸೆಳವು, ಹುಚ್ಚು, ಅರಚಾಟ. ಕೆಳಗಿಳಿದರೆ ಮಂಕು, ದುಃಖ, ಸಂಕಟ, ಹತಾಶೆ, ಮತ್ತೆ ಹುಚ್ಚು, ಕೊನೆಯಲ್ಲಿ ಆತ್ಮಹತ್ಯೆ. ಹುಚ್ಚು ಎಂಬ ಮಾತು ಎರಡು ಕಡೆಯೂ ಇರುವುದನ್ನು ಗಮನಿಸಿ. ಅತಿಯಾಗಿ ಕಾದರೂ ಹುಚ್ಚು, ಅತಿಯಾಗಿ ತಣಿದರೂ ಹುಚ್ಚು. ಫ್ಯಾರನ್‌ಹೀಟನು ಪಾದರಸದ ಥರ್ಮಾಮೀಟರನ್ನು ರೂಪಿಸಿ ಆಗಿನ್ನೂ ಐವತ್ತು ವರ್ಷ ತುಂಬಿರಲಿಲ್ಲ. ಹೊಸ ಉಪಕರಣ ಕೈಗೆ ಬಂದಾಗ ಎಲ್ಲವನ್ನೂ ಅದರಿಂದಲೇ ಅಳೆಯುವ ಆಸೆ ಮನುಷ್ಯನಿಗೆ ಸಹಜ.

ಈ ಗದ್ದಲವನ್ನೆಲ್ಲ ಕಿಟಕಿಯಾಚೆಯಿಂದ ತುರ್ಕಿಯವನೊಬ್ಬ ಹೊಗೆಕೊಳವೆ ಸೇದುತ್ತ ತಣ್ಣಗೆ ನೋಡುತ್ತಿದ್ದಾನೆ. ಮತಾಂಧರು ಎಂದರೆ ಪರದೇಶದವರು, ಪರಧರ್ಮದವರು ಎಂದುಕೊಂಡಿದ್ದ ಓದುಗರಿಗೆ ಅದು ಸರಿಯಾದ ಪೆಟ್ಟು.

ಆವೇಶ ಎಂಬ ಬೈಗುಳ

ಒಂದು ಮಾತಿನ ಚರಿತ್ರೆ ಇಲ್ಲಿ ಅಗತ್ಯ. ಇಂದು 'ಎಂಥೂಸಿಯಾಸಂ' ಎಂದರೆ ಉತ್ಸಾಹ, ಹೊಗಳಿಕೆಯ ಮಾತು. ಆ ಶತಮಾನದಲ್ಲಿ ಅದು ಬೈಗುಳ. ಗ್ರೀಕ್ ಮೂಲದಲ್ಲಿ ಅದರ ಅರ್ಥ 'ಒಳಗೆ ದೇವರನ್ನು ಹೊತ್ತ ಸ್ಥಿತಿ'. ನಮ್ಮ ಭಾಷೆಯಲ್ಲಿ ಹೇಳುವುದಾದರೆ 'ಆವೇಶ', ದೇವರು ಮೈಮೇಲೆ ಬರುವುದು. 'ಫನಾಟಿಕ್' ಎಂಬ ಮಾತೂ ಹಾಗೆಯೇ. 'ಫಾನುಂ' ಎಂದರೆ ಲ್ಯಾಟಿನ್ನಿನಲ್ಲಿ ಗುಡಿ. ಗುಡಿಯಲ್ಲಿ ಆವೇಶ ಬಂದವನು ಫನಾಟಿಕ್.

ಈ ಮಾತುಗಳು ಬೈಗುಳವಾದದ್ದಕ್ಕೆ ಕಾರಣವಿತ್ತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡು ಅಂತರ್ಯುದ್ಧ ಕಂಡಿತ್ತು. ಅರಸನ ತಲೆಯೇ ಉರುಳಿತ್ತು. ದೇವರು ನನ್ನೊಡನೆ ನೇರವಾಗಿ ಮಾತಾಡಿದ ಎನ್ನುವವರ ಪಂಗಡಗಳು ಹತ್ತಾರು ಹುಟ್ಟಿದ್ದವು. ಮುಂದಿನ ತಲೆಮಾರಿನ ವಿದ್ಯಾವಂತರಿಗೆ ಅದೆಲ್ಲ ಕೆಟ್ಟ ಕನಸು. ಆದ್ದರಿಂದ ದೇವರ ಹೆಸರಿನಲ್ಲಿ ಯಾರಾದರೂ ದನಿಯೆತ್ತಿದರೆ ಅವರು ಬೆಚ್ಚುತ್ತಿದ್ದರು.

1706ರಲ್ಲಿ ಫ್ರಾನ್ಸಿನ ಸೆವೆನ್ ಬೆಟ್ಟಸೀಮೆಯಿಂದ ಕೆಲವು ಪ್ರಾಟೆಸ್ಟೆಂಟರು ಓಡಿಬಂದು ಲಂಡನ್ ಸೇರಿದರು. ತಮ್ಮ ಧರ್ಮ ಪಾಲಿಸಲು ಅವಕಾಶವಿಲ್ಲದೆ, ರಾಜನ ಸೈನ್ಯದೊಡನೆ ಹೋರಾಡಿ ನೊಂದವರು ಅವರು. ಪ್ರಾರ್ಥನೆಯ ಹೊತ್ತಿನಲ್ಲಿ ನಡುಗುತ್ತಿದ್ದರು, ಬೀಳುತ್ತಿದ್ದರು, ಭವಿಷ್ಯ ನುಡಿಯುತ್ತಿದ್ದರು. ಅವರ ಮಾತನ್ನು ಬರೆದುಕೊಳ್ಳುತ್ತಿದ್ದವರಲ್ಲಿ ನಿಕೊಲಾ ಫ್ಯಾಟಿಯೊ ಎಂಬಾತನೂ ಇದ್ದ. ಈತ ಸಾಮಾನ್ಯನಲ್ಲ. ರಾಯಲ್ ಸೊಸೈಟಿಯ ಸದಸ್ಯ, ಗಣಿತಜ್ಞ, ಐಸಾಕ್ ನ್ಯೂಟನ್ನನ ಆಪ್ತ! 1707ರ ಡಿಸೆಂಬರಿನಲ್ಲಿ ಫ್ಯಾಟಿಯೊನನ್ನೂ ಇನ್ನಿಬ್ಬರನ್ನೂ ಲಂಡನ್ನಿನ ಬೀದಿಯಲ್ಲಿ ಹಲಗೆಯ ಕಟ್ಟೆಯೇರಿಸಿ, ಜನರ ಮೂದಲಿಕೆಗೆ ಗುರಿಮಾಡಿ ನಿಲ್ಲಿಸಿದರು. ಮರುವರ್ಷ ಈ ಪಂಗಡದವರು, ಸತ್ತು ಹೂಳಲ್ಪಟ್ಟ ತಮ್ಮವನೊಬ್ಬ ಮೇ 25ರಂದು ಎದ್ದುಬರುತ್ತಾನೆಂದು ಸಾರಿದರು. ಸ್ಮಶಾನದಲ್ಲಿ ಜನ ನೆರೆದರು. ಅವನು ಏಳಲಿಲ್ಲ.

ಇಂಥವರನ್ನು ಏನು ಮಾಡಬೇಕು? ಶಾಫ್ಟ್ಸ್‌ಬರಿ ಎಂಬ ಚಿಂತಕ 1708ರಲ್ಲಿ ಒಂದು ಪತ್ರರೂಪದ ಪ್ರಬಂಧ ಬರೆದು ಸೊಗಸಾದ ಸಲಹೆ ಕೊಟ್ಟ. ಹೊಡೆಯಬೇಡಿ, ಸೆರೆಗೆ ಹಾಕಬೇಡಿ. ಹಿಂಸೆ ಕೊಟ್ಟರೆ ಆವೇಶ ಇನ್ನಷ್ಟು ಕೆರಳುತ್ತದೆ. ನಗಬೇಕು, ಹಾಸ್ಯವೇ ಅದಕ್ಕೆ ಮದ್ದು. ಅದಕ್ಕೆ ನಾಲ್ಕು ವರ್ಷ ಮೊದಲೇ, 1704ರಲ್ಲಿ, ಜಾನಥನ್ ಸ್ವಿಫ್ಟ್ ತನ್ನ 'ಎ ಟೇಲ್ ಆಫ್ ಎ ಟಬ್' ಕೃತಿಯಲ್ಲಿ ಆ ಹಾಸ್ಯದ ರುಚಿ ತೋರಿಸಿದ್ದ. ಹೊಸ ಮತಪಂಥ ಹುಟ್ಟಿಸುವವರು, ದಂಡೆತ್ತಿ ಹೋಗುವ ದೊರೆಗಳು, ಹೊಸ ಸಿದ್ಧಾಂತ ಕಟ್ಟುವ ತತ್ತ್ವಜ್ಞಾನಿಗಳು, ಈ ಮೂವರಿಗೂ ಮೂಲ ಒಂದೇ, ಹೊಟ್ಟೆಯ ಕಡೆಯಿಂದ ತಲೆಗೇರಿದ ಆವಿ ಎಂದು ಗಂಭೀರ ಮುಖ ಮಾಡಿಕೊಂಡು ವಾದಿಸಿದ. ಸ್ವಿಫ್ಟ್ ಸ್ವತಃ ಪಾದ್ರಿ ಎಂಬುದನ್ನು ಮರೆಯಬೇಡಿ. ಅವನ ಚಾವಟಿಗೆ ತನ್ನವರು, ಪರರು ಎಂಬ ಭೇದವಿರಲಿಲ್ಲ. ಅವನ ಹಾಸ್ಯದ ಹಿಂದೆ ಕರುಣೆಯೂ ಇತ್ತು. 1745ರಲ್ಲಿ ತೀರಿಕೊಂಡಾಗ ಆಸ್ತಿಯನ್ನು ಡಬ್ಲಿನ್ನಿನಲ್ಲಿ ಮನೋರೋಗಿಗಳ ಆಸ್ಪತ್ರೆಗಾಗಿ ಬಿಟ್ಟುಹೋದ. ಆ ಆಸ್ಪತ್ರೆ 1757ರಲ್ಲಿ ತೆರೆಯಿತು, ಇಂದಿಗೂ ನಡೆಯುತ್ತಿದೆ.

ಇದರಲ್ಲಿ ಒಂದು ದೊಡ್ಡ ಬದಲಾವಣೆಯಿದೆ. ಹಿಂದಿನ ಶತಮಾನವಾಗಿದ್ದರೆ ಇಂಥವರನ್ನು 'ಸೈತಾನ ಹಿಡಿದವರು' ಎನ್ನುತ್ತಿದ್ದರು. ಸೈತಾನ ಹಿಡಿದವರಿಗೆ ಬೆಂಕಿಯೋ ನೇಣೋ ಕಾದಿರುತ್ತಿತ್ತು. ಈಗ 'ಹುಚ್ಚರು' ಎನ್ನತೊಡಗಿದರು. ಹುಚ್ಚ ಪಾಪಿಯಲ್ಲ, ರೋಗಿ. ರೋಗಿಯನ್ನು ಸುಡುವುದಿಲ್ಲ. ಇದು ಮುನ್ನಡೆಯೇ, ಸಂದೇಹವಿಲ್ಲ. ಆದರೆ ರೋಗಿಯನ್ನು ಕೂಡಿಹಾಕಬಹುದಲ್ಲ!

ಬೆಡ್ಲಂ ಎಂಬ ಬಯಲಾಟ

ಲಂಡನ್ನಿನ ಬೆತ್ಲೆಂ ಆಸ್ಪತ್ರೆಗೆ ಜನರ ಬಾಯಲ್ಲಿ 'ಬೆಡ್ಲಂ' ಎಂದು ಹೆಸರು. 1676ರಲ್ಲಿ ಅದಕ್ಕೆ ಅರಮನೆಯಂಥ ಹೊಸ ಕಟ್ಟಡ ಬಂತು. ಅದನ್ನು ವಿನ್ಯಾಸ ಮಾಡಿದವನು ರಾಬರ್ಟ್ ಹುಕ್. ಸ್ಪ್ರಿಂಗಿನ ಹುಕ್ ನಿಯಮವನ್ನು ಓದಿದ್ದೀರಲ್ಲ, ಅದೇ ಹುಕ್. ಬಾಗಿಲ ಮೇಲೆ ಎರಡು ಕಲ್ಲಿನ ವಿಗ್ರಹಗಳಿದ್ದವು. ಒಂದು ಸರಪಳಿ ಬಿಗಿದ ಉನ್ಮಾದ, ಇನ್ನೊಂದು ಮಂಕು ಕವಿದ ವಿಷಾದ. ಹೋಗಾರ್ತನ ಥರ್ಮಾಮೀಟರಿನ ಎರಡು ತುದಿಗಳು ಅಲ್ಲೇ ಕೂತಿದ್ದಂತೆ.

ಹಬ್ಬದ ದಿನಗಳಲ್ಲಿ ಜನ ಈ ಆಸ್ಪತ್ರೆಗೆ ಆಟ ನೋಡಲು ಹೋಗುವಂತೆ ಹೋಗುತ್ತಿದ್ದರು. 1735ರಲ್ಲಿ ಅಚ್ಚಾದ ಹೋಗಾರ್ತನ 'ರೇಕ್ಸ್ ಪ್ರೋಗ್ರೆಸ್' ಸರಣಿಯ ಕೊನೆಯ ಚಿತ್ರದಲ್ಲಿ ಈ ದೃಶ್ಯವಿದೆ. ಒಂದು ಕೋಣೆಯಲ್ಲಿ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿರುವ ಧರ್ಮೋನ್ಮತ್ತ, ಪಕ್ಕದ ಕೋಣೆಯಲ್ಲಿ ತಾನೇ ಅರಸನೆಂದುಕೊಂಡ ಬೆತ್ತಲೆ ಮನುಷ್ಯ. ನಡುವೆ ರೇಷ್ಮೆಯುಟ್ಟ ಇಬ್ಬರು ಹೆಂಗಸರು ಅವರನ್ನು ನೋಡಿ ಮೋಜು ಪಡುತ್ತಿದ್ದಾರೆ. ಚಿತ್ರದಲ್ಲಿ ನಮಗೆ ಹೆಚ್ಚು ಹೇಸಿಗೆಯಾಗುವುದು ಯಾರನ್ನು ಕಂಡು? ಹೋಗಾರ್ತ್ ಆ ಪ್ರಶ್ನೆಯನ್ನು ನಮಗೇ ಬಿಟ್ಟಿದ್ದಾನೆ. ಈ ಬಗೆಯ ಬಿಡುಬೀಸಾದ ಪ್ರವೇಶಕ್ಕೆ ಆಸ್ಪತ್ರೆ ಕಡಿವಾಣ ಹಾಕಿದ್ದು 1770ರಲ್ಲಿ.

1762ರ ಮಾರ್ಚ್: ಮೂರು ದೃಶ್ಯಗಳು

ಈಗ ನಮ್ಮ ಕಸುಬಿನ ಒಂದು ತಂತ್ರ ಬಳಸುತ್ತೇನೆ. ಒಂದೇ ತಿಂಗಳು, ಮೂರು ಊರುಕೇರಿಗಳು. ಕ್ಯಾಮೆರಾ ಒಂದೊಂದರ ಮೇಲೆ ಸ್ವಲ್ಪ ಹೊತ್ತು ನಿಲ್ಲಲಿ.

ಮೊದಲನೆಯದು ಲಂಡನ್ನಿನ ಚಿತ್ರದಂಗಡಿ. ಹೋಗಾರ್ತನ ಹೊಸ ಚಿತ್ರ ನೋಡಿ ಜನ ನಗುತ್ತಿದ್ದಾರೆ. ಚಿತ್ರ ಮುಖ್ಯವಾಗಿ ಗೇಲಿ ಮಾಡುವುದು ಮೆಥಡಿಸ್ಟರನ್ನು. ಥರ್ಮಾಮೀಟರಿನ ಕೆಳಗಿರುವುದೂ 'ಮೆಥಡಿಸ್ಟನ ಮಿದುಳೇ'. ಜಾನ್ ವೆಸ್ಲಿ ಮತ್ತು ಜಾರ್ಜ್ ವೈಟ್‌ಫೀಲ್ಡ್ 1739ರಿಂದ ಬಯಲಿನಲ್ಲಿ ನಿಂತು ಕಲ್ಲಿದ್ದಲ ಗಣಿಯ ಕೂಲಿಗಳಿಗೆ ಬೋಧಿಸುತ್ತಿದ್ದರು. ಕೇಳಿದವರು ಕೆಲವೊಮ್ಮೆ ನಡುಗಿ ಬೀಳುತ್ತಿದ್ದುದೂ ನಿಜ, ವೆಸ್ಲಿಯೇ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆದರೆ ಕಲ್ಲು ತೂರುತ್ತಿದ್ದವರು ಯಾರು? 1743ರಲ್ಲಿ ವೆನ್ಸ್‌ಬರಿ ಎಂಬಲ್ಲಿ ಗುಂಪುಗಳು ಮೆಥಡಿಸ್ಟರ ಮನೆಗಳಿಗೆ ನುಗ್ಗಿ ಹಾಳುಗೆಡವಿದವು. ಮತಾಂಧರೆಂದು ಕರೆಸಿಕೊಂಡವರು ಹೊಡೆಸಿಕೊಂಡರು, ಹೊಡೆದವರಿಗೆ ಯಾರೂ ಆ ಹೆಸರಿಡಲಿಲ್ಲ.

ಎರಡನೆಯ ದೃಶ್ಯ ಅದೇ ನಗರದ ಬೆತ್ನಲ್ ಗ್ರೀನ್, ಒಂದು ಖಾಸಗಿ ಹುಚ್ಚಾಲಯ. ಒಳಗೆ ಕವಿ ಕ್ರಿಸ್ಟೊಫರ್ ಸ್ಮಾರ್ಟ್ ಕೂತಿದ್ದಾನೆ. ಕೇಂಬ್ರಿಜ್‌ನಲ್ಲಿ ಓದಿ ಬಹುಮಾನಗಳನ್ನು ಪಡೆದ ಜಾಣ. ಅವನ ತೊಂದರೆ ಏನು? ದೇವರ ನೆನಪಾದಲ್ಲಿ, ಅದು ಬೀದಿಯಾಗಲಿ ಉದ್ಯಾನವಾಗಲಿ, ಮಂಡಿಯೂರಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದ. ಜೊತೆಯಲ್ಲಿದ್ದವರೂ ಪ್ರಾರ್ಥಿಸಲಿ ಎಂದು ಹಟ ಹಿಡಿಯುತ್ತಿದ್ದ. ಮೈಮೇಲೆ ಸಾಲವೂ ಇತ್ತು. 1757ರಲ್ಲಿ ಸೇಂಟ್ ಲೂಕ್ಸ್ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ವೈದ್ಯ ವಿಲಿಯಂ ಬ್ಯಾಟಿ, ಹುಚ್ಚೂ ಇತರ ಕಾಯಿಲೆಗಳಂತೆ ಆರೈಕೆಗೆ ಬಗ್ಗುವಂಥದೆಂದು 1758ರಲ್ಲಿ ಪುಸ್ತಕ ಬರೆದವನು. ಅವನೂ ಒಂದು ವರ್ಷದ ನಂತರ 'ವಾಸಿಯಾಗಿಲ್ಲ' ಎಂದು ಸ್ಮಾರ್ಟ್‌ನನ್ನು ಕಳುಹಿಸಿದ. ಮುಂದೆ 1763ರ ತನಕ ಖಾಸಗಿ ಮನೆಯ ಸೆರೆ. ಅಲ್ಲೇ ಅವನು ಸೃಷ್ಟಿಯನ್ನೆಲ್ಲ ಕರೆದು ದೇವರನ್ನು ಕೊಂಡಾಡುವ ಒಂದು ವಿಚಿತ್ರ ನೀಳ್ಗವನ ಬರೆದ. ಅದರಲ್ಲಿ ಅವನ ಬೆಕ್ಕು ಜೆಫ್ರಿಯೂ ಬರುತ್ತದೆ, ಬೆಳಗ್ಗೆ ಎದ್ದು ಮೈ ನೆಕ್ಕಿಕೊಳ್ಳುವುದೇ ಅದರ ಪೂಜೆ ಎಂಬಂತೆ. ಕಾವ್ಯ ಅಚ್ಚಾದದ್ದು 1939ರಲ್ಲಿ, ಕವಿ ಸತ್ತು ನೂರ ಅರವತ್ತೆಂಟು ವರ್ಷಗಳ ಮೇಲೆ. ಇಂದು ಅದು ಆ ಶತಮಾನದ ದೊಡ್ಡ ಕೃತಿಗಳಲ್ಲೊಂದು.

ದೆವ್ವದ ಮೋಸವನ್ನು ಬಯಲಿಗೆಳೆದ ಅದೇ ಡಾ. ಜಾನ್ಸನ್ ಈ ಬಗ್ಗೆ ಆಡಿದ ಮಾತನ್ನು ಬಾಸ್ವೆಲ್ ಬರೆದಿಟ್ಟಿದ್ದಾನೆ. ಸ್ಮಾರ್ಟ್‌ನನ್ನು ಕೂಡಿಹಾಕುವ ಅಗತ್ಯವಿರಲಿಲ್ಲ, ಅವನಿಂದ ಸಮಾಜಕ್ಕೇನೂ ಕೇಡಿರಲಿಲ್ಲ, ಅವನ ಜೊತೆ ಪ್ರಾರ್ಥಿಸಲು ತನಗೇನೂ ಅಡ್ಡಿಯಿಲ್ಲ ಎಂಬುದು ಅದರ ತಾತ್ಪರ್ಯ. ಹತ್ತು ಜನ ಮಾಡದ್ದನ್ನು ಒಬ್ಬ ಮಾಡಿದರೆ ಹುಚ್ಚನಾಗುತ್ತಾನೆ, ಹತ್ತು ಜನರೂ ಮಾಡಿದರೆ ಅದೇ ರೂಢಿಯಾಗುತ್ತದೆ ಎಂಬ ಸತ್ಯವನ್ನು ಜಾನ್ಸನ್ ಕಂಡಿದ್ದ.

ಮೂರನೆಯ ದೃಶ್ಯ ಫ್ರಾನ್ಸಿನ ತುಲೂಸ್ ನಗರದ ಚೌಕ. ದಿನ 1762ರ ಮಾರ್ಚ್ 10. ಝಾನ್ ಕಾಲಾ ಎಂಬ ಬಟ್ಟೆ ವ್ಯಾಪಾರಿಯನ್ನು ಚಕ್ರಕ್ಕೆ ಕಟ್ಟಿ, ಕೈಕಾಲು ಮುರಿದು ಕೊಲ್ಲುತ್ತಿದ್ದಾರೆ. ಕಾಲಾ ಪ್ರಾಟೆಸ್ಟೆಂಟ್, ಊರು ಕ್ಯಾಥೊಲಿಕ್. ಹಿಂದಿನ ಅಕ್ಟೋಬರಿನಲ್ಲಿ ಅವನ ಹಿರಿಯ ಮಗ ಮನೆಯಲ್ಲೇ ಸತ್ತು ಬಿದ್ದಿದ್ದ. ಮಗ ಕ್ಯಾಥೊಲಿಕ್ ಆಗಲಿದ್ದ, ಅದಕ್ಕೇ ಅಪ್ಪ ಕೊಂದ ಎಂಬ ಗುಸುಗುಸು ಹುಟ್ಟಿತು. ಗುಸುಗುಸು ಕೂಗಾಯಿತು, ಕೂಗು ಸಾಕ್ಷ್ಯವಾಯಿತು. ನ್ಯಾಯಾಧೀಶರು ಬಹುಮತದಿಂದ ಶಿಕ್ಷೆ ವಿಧಿಸಿದರು. ಮುದುಕ ಕೊನೆಯ ಉಸಿರಿನವರೆಗೂ ತಾನು ನಿರಪರಾಧಿ ಎಂದ.

ಸುದ್ದಿ ವೋಲ್ಟೇರನಿಗೆ ತಲುಪಿತು. ಅವನು ಪತ್ರಗಳನ್ನು ಬರೆದ, ಹಣ ಕೂಡಿಸಿದ, ವಕೀಲರನ್ನು ಹಿಡಿದ. 1763ರಲ್ಲಿ ಸಹಿಷ್ಣುತೆಯ ಕುರಿತ ಗ್ರಂಥ ಪ್ರಕಟಿಸಿದ. 1765ರ ಮಾರ್ಚ್ 9ರಂದು ಪ್ಯಾರಿಸ್ಸಿನಲ್ಲಿ ಕಾಲಾ ನಿರಪರಾಧಿ ಎಂಬ ತೀರ್ಪು ಬಂತು. ಕಾರ್ಮೊಂತೆಲ್ ಎಂಬ ಚಿತ್ರಕಾರ ಕಾಲಾನ ವಿಧವೆ ಮತ್ತು ಮಕ್ಕಳ ಚಿತ್ರ ಬರೆದ. ಅದರ ಅಚ್ಚುಪ್ರತಿಗಳನ್ನು ಮಾರಿ ಕುಟುಂಬಕ್ಕೆ ನೆರವು ಕೂಡಿಸಿದರು. ವೋಲ್ಟೇರ್ ಒಂದು ಪ್ರತಿಯನ್ನು ತನ್ನ ಹಾಸಿಗೆಯ ಬಳಿ ತೂಗುಹಾಕಿಕೊಂಡಿದ್ದ. ಹೋಗಾರ್ತನ ಚಿತ್ರ ನಗಿಸುತ್ತದೆ, ಇದು ನಗಿಸುವುದಿಲ್ಲ. ಕೆಲವು ಮನುಷ್ಯರು ಒಂದು ಕೋಣೆಯಲ್ಲಿ ಕೂತು ಬರಹವೊಂದನ್ನು ಓದುವುದನ್ನು ಕೇಳುತ್ತಿದ್ದಾರೆ, ಅಷ್ಟೆ.

ಈಗ ಹೇಳಿ, ಈ ಮೂರು ದೃಶ್ಯಗಳಲ್ಲಿ ಮತಾಂಧ ಯಾರು? ಪೀಠದ ಮೇಲೆ ಅಬ್ಬರಿಸುವ ಉಪದೇಶಕನೇ? ಬೆಕ್ಕಿನ ಜೊತೆ ದೇವರನ್ನು ನೆನೆಯುವ ಕವಿಯೇ? ತುಲೂಸಿನ ನ್ಯಾಯಾಧೀಶರ ಮಿದುಳಿಗೆ ಥರ್ಮಾಮೀಟರು ಇಟ್ಟಿದ್ದರೆ ಬಹುಶಃ 'ಉಗುರುಬೆಚ್ಚಗೆ' ಎಂದೇ ತೋರಿಸುತ್ತಿತ್ತು. ಅವರು ನಡುಗಲಿಲ್ಲ, ಬೀಳಲಿಲ್ಲ, ಅರಚಲಿಲ್ಲ. ಕಡತ ಓದಿದರು, ಮತ ಹಾಕಿದರು, ಮನೆಗೆ ಹೋಗಿ ಊಟ ಮಾಡಿದರು. ಮತಾಂಧತೆ ಮಿದುಳಿನ ಕಾಯಿಲೆ ಎಂಬ ಹೋಲಿಕೆಯನ್ನು ವೋಲ್ಟೇರನೇ ಬಳಸಿದ್ದ. ಆದರೆ ಅವನು ಹೋರಾಡಿದ ಪ್ರಕರಣ ಹೇಳುವುದು ಬೇರೆ. ಕಾಲಾನನ್ನು ಕೊಂದವರು ಹುಚ್ಚರಾಗಿರಲಿಲ್ಲ.

ತಣ್ಣನೆಯ ತುದಿ

ಥರ್ಮಾಮೀಟರಿನ ಕೆಳತುದಿಯಲ್ಲಿದ್ದವನ ಕಥೆಯೂ ಒಂದಿದೆ. ವಿಲಿಯಂ ಕೂಪರ್ ನಾಚಿಕೆಯ ಸ್ವಭಾವದ ವಕೀಲ. 1763ರಲ್ಲಿ ಸರ್ಕಾರಿ ಹುದ್ದೆಯೊಂದಕ್ಕೆ ಸಭೆಯೆದುರು ಪರೀಕ್ಷೆಗೆ ನಿಲ್ಲಬೇಕಾಗಿ ಬಂದಾಗ ಭಯದಿಂದ ಕುಸಿದುಹೋದ, ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದ. ಸೇಂಟ್ ಆಲ್ಬನ್ಸಿನಲ್ಲಿ ಡಾ. ಕಾಟನ್ ಎಂಬ ಮೃದುಹೃದಯದ ವೈದ್ಯನ ಆರೈಕೆಯಲ್ಲಿ ಚೇತರಿಸಿಕೊಂಡ. ಅಲ್ಲಿ ಬೈಬಲ್ ಓದುತ್ತ ಅವನಿಗೆ ನೆಮ್ಮದಿ ಸಿಕ್ಕಿತು. ಆದರೆ 1773ರಲ್ಲಿ, ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟನೆಂಬ ಮಾತನ್ನು ಕನಸಿನಲ್ಲಿ ಕೇಳಿದ. 1800ರಲ್ಲಿ ತೀರಿಕೊಳ್ಳುವವರೆಗೂ ಆ ನಂಬಿಕೆ ಅವನನ್ನು ಬಿಡಲಿಲ್ಲ. ಅವನನ್ನು ವಾಸಿಮಾಡಿದ್ದೂ ಧರ್ಮ, ನೋಯಿಸಿದ್ದೂ ಧರ್ಮ. ಇಂಥಲ್ಲಿ 'ಭಕ್ತಿಯಿಂದ ಹುಚ್ಚು' ಎಂಬ ಒಂದೇ ಸಾಲಿನ ನಿರ್ಣಯ ನಿಲ್ಲುವುದಿಲ್ಲ.

ಆ ಕತ್ತಲಲ್ಲೂ ಕೂಪರ್ ಮೊಲಗಳನ್ನು ಸಾಕಿದ, ತೋಟ ಮಾಡಿದ, ಕಾವ್ಯ ಬರೆದ. 1788ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಅವನು ಬರೆದ ಪದ್ಯಗಳು ಊರೂರಿಗೆ ಹಂಚಿಕೆಯಾದವು. ವೆಸ್ಲಿಯೂ 1774ರಲ್ಲೇ ಗುಲಾಮಗಿರಿಯನ್ನು ಖಂಡಿಸಿ ಪುಸ್ತಿಕೆ ಬರೆದಿದ್ದ. ಆಗ ಮನುಷ್ಯರನ್ನು ಹಡಗಿನಲ್ಲಿ ತುಂಬಿ ಮಾರುತ್ತಿದ್ದವರು ಬುದ್ಧಿ ನೆಟ್ಟಗಿದ್ದ ವರ್ತಕರು. ಅದು ಅನ್ಯಾಯ ಎಂದವರಲ್ಲಿ ಒಬ್ಬ ಹುಚ್ಚನೆನಿಸಿಕೊಂಡ ಕವಿ, ಇನ್ನೊಬ್ಬ ಮತಾಂಧನೆನಿಸಿಕೊಂಡ ಬೋಧಕ.

ಇನ್ನೊಂದು ಘಟನೆಯನ್ನಷ್ಟೇ ನೆನಪಿಸುತ್ತೇನೆ. 1780ರ ಜೂನಿನಲ್ಲಿ ಕ್ಯಾಥೊಲಿಕರಿಗೆ ಕೊಟ್ಟ ಅಲ್ಪಸ್ವಲ್ಪ ರಿಯಾಯಿತಿಯ ವಿರುದ್ಧ ಲಂಡನ್ನಿನಲ್ಲಿ ದಂಗೆಯೆದ್ದಿತು. ಪ್ರಾರ್ಥನಾಲಯಗಳು, ಮನೆಗಳು, ನ್ಯೂಗೇಟ್ ಸೆರೆಮನೆ ಸುಟ್ಟವು, ನೂರಾರು ಜನ ಸತ್ತರು. ಬೀದಿಗಿಳಿದವರು ಬೆಡ್ಲಮ್ಮಿನಿಂದ ತಪ್ಪಿಸಿಕೊಂಡು ಬಂದವರಲ್ಲ, ಕೆಲಸ ಮುಗಿಸಿ ಬಂದ ಸಾಧಾರಣ ಜನ.

ನಮಗೆ ಉಳಿಯುವ ಪಾಠ

ಹಾಗಾದರೆ ಹೋಗಾರ್ತನ ಚಿತ್ರ ಸುಳ್ಳೇ? ಅಲ್ಲ. ಮೊಲದ ಮೋಸ, ದೆವ್ವದ ಮೋಸ, ಹೆದರಿಸಿ ಹಿಂಬಾಲಕರನ್ನು ಕೂಡಿಸುವ ಕಲೆ, ಇವನ್ನೆಲ್ಲ ನಗೆಯಿಂದ ಒಡೆಯಬೇಕಾದದ್ದೇ. ಪರೀಕ್ಷಿಸದೆ ನಂಬಬೇಡಿ ಎಂದು ಆ ಚಿತ್ರ ಹೇಳಿದರೆ ವಿಜ್ಞಾನದವನಾಗಿ ನಾನು ತಲೆದೂಗುತ್ತೇನೆ. ಆದರೆ ಅವನ ಉಪಕರಣ ಅಳೆದದ್ದು ಬಿಸಿಯನ್ನು, ಕೇಡನ್ನಲ್ಲ. ಬಿಸಿ ಹೆಚ್ಚಿದ್ದರೂ ಕೇಡಿಲ್ಲದವರಿದ್ದಾರೆ, ಸ್ಮಾರ್ಟ್‌ನಂತೆ. ಬಿಸಿಯೇ ಇಲ್ಲದೆ ಕೇಡು ಮಾಡುವವರಿದ್ದಾರೆ, ತುಲೂಸಿನ ನ್ಯಾಯಪೀಠದಂತೆ. ಯಾವ ರಾಶಿಯನ್ನು ಅಳೆಯುತ್ತಿದ್ದೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು ಎಂದು ನಿಮ್ಮ ಭೌತಶಾಸ್ತ್ರದ ಅಧ್ಯಾಪಕರು ಹೇಳಿರುತ್ತಾರೆ. ಚರಿತ್ರೆಯಲ್ಲೂ ಅದೇ ನಿಯಮ.

ಇದರಿಂದ ಎರಡು ಎಚ್ಚರಗಳು. ಮನಸ್ಸಿನ ಕಾಯಿಲೆಯಿಂದ ನರಳುವವರನ್ನು ಕ್ರೂರಿಗಳ ಸಾಲಿಗೆ ಸೇರಿಸಬೇಡಿ. ಅವರಿಗೆ ಬೇಕಾದದ್ದು ಡಾ. ಕಾಟನ್‌ನಂಥ ವೈದ್ಯ, ಬೆಡ್ಲಮ್ಮಿನ ಪ್ರೇಕ್ಷಕರಲ್ಲ. ಹಾಗೆಯೇ, ಧರ್ಮದ ಹೆಸರಿನಲ್ಲಿ ಹಿಂಸೆ ನಡೆದಾಗ 'ಯಾರೋ ಹುಚ್ಚರು ಮಾಡಿದರು' ಎಂದು ಕೈತೊಳೆದುಕೊಳ್ಳಬೇಡಿ. ಹಾಗೆಂದರೆ ಮಾಡಿದವರ ಹೊಣೆ ಜಾರುತ್ತದೆ, ಗುಸುಗುಸು ಹಬ್ಬಿಸಿದವರ ಹೊಣೆಯೂ ಜಾರುತ್ತದೆ. ಕಾಲಾನ ಸಾವು ಶುರುವಾದದ್ದು ಚಕ್ರದ ಮೇಲಲ್ಲ, ಬೀದಿಯಲ್ಲಿ ಯಾರೋ ಒಬ್ಬ ಆಡಿದ ಒಂದು ಮಾತಿನಲ್ಲಿ. ಅಂಥ ಮಾತು ನಿಮ್ಮ ಕಿವಿಗೆ ಬಿದ್ದಾಗ, ಮುಂದಿನವರಿಗೆ ದಾಟಿಸುವ ಮೊದಲು ಒಂದು ಕ್ಷಣ ನಿಲ್ಲಿ. ವೋಲ್ಟೇರನ ಹಾಸಿಗೆಯ ಬಳಿಯ ಆ ಚಿತ್ರ ನಿಮ್ಮ ನೆನಪಿಗೆ ಬರಲಿ.

ಚರ್ಚೆಗೆ:

1. ನಗೆಯೇ ಮತಾಂಧತೆಗೆ ಮದ್ದು ಎಂಬ ಶಾಫ್ಟ್ಸ್‌ಬರಿಯ ಮಾತು ಎಲ್ಲಿಯವರೆಗೆ ಸರಿ? ತುಲೂಸಿನಲ್ಲಿ ಅದು ಕೆಲಸ ಮಾಡುತ್ತಿತ್ತೇ?

2. ಕ್ರಿಸ್ಟೊಫರ್ ಸ್ಮಾರ್ಟ್‌ನನ್ನು ಕೂಡಿಹಾಕಿದ್ದು ನ್ಯಾಯವೇ? ಅವನ ಮನೆಯವರ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

3. ಹೋಗಾರ್ತನ ಥರ್ಮಾಮೀಟರನ್ನು ನೀವೇ ತಿದ್ದಿ ಬರೆಯುವುದಾದರೆ ಅದರ ಬುಡವನ್ನು ಯಾರ ಮಿದುಳಿನ ಮೇಲಿಡುವಿರಿ? ಗೆರೆಗಳ ಪಕ್ಕದಲ್ಲಿ ಏನೇನು ಬರೆಯುವಿರಿ?